ಕಾಕಾರ ಬಿಳಿ ಕರವಸ್ತ್ರಗಳು

ಕಾಕಾ ತೀರಿಕೊಂಡು ಇಪ್ಪತ್ತು ದಿನವಾಯಿತು. ಉಪ್ಪಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಪಕ್ಕ ಇಟ್ಟಿರುವ ಅವರ ಫೋಟೊದ ಸೇವಂತಿಗೆ ಹಾರ ಒಣಗಿ ಚಹಾಪುಡಿಯ ಬಣ್ಣಕ್ಕೆ ತಿರುಗಿದೆ. ಯಾರೂ ತೆಗೆದಿಲ್ಲ. ಇಲ್ಲಿನ ಕನ್ನಡದ ನಾಲ್ಕಾರು ಮನೆಯವರು ಸೇರಿ ತರುವ ಪುಟ್ಟ ಪತ್ರಿಕೆಗೆ ಅವರ ಬಗ್ಗೆ ಎರಡು ಪುಟ ಬರೆದುಕೊಡಿ, ನೀವು ಎದುರು ಮನೆಯವರು, ಹತ್ತಿರದಿಂದ ಕಂಡವರು ಎಂದು ಕೇಳಿದರು. ಒಪ್ಪಿಕೊಂಡೆ. ಪೆನ್ನು ಹಿಡಿದು ಕೂತರೆ ಮೊದಲು ನೆನಪಾದದ್ದು ಅವರ ನಾಲಿಗೆ.

ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು ಬೇರೆ. ಹೋದವರ ಬಗ್ಗೆ ಒಳ್ಳೆಯ ಮಾತಿದ್ದರೆ ಹೇಳು, ಇಲ್ಲದಿದ್ದರೆ ಸುಮ್ಮನೆ ಪ್ರಾರ್ಥನೆ ಮಾಡು. ಪ್ರಾರ್ಥನೆ ಮಾಡಿ ನೋಡಿದೆ. ನಾಲಿಗೆ ಹೋಗಲಿಲ್ಲ.

ಕಾಕಾ ವಿಜಯಪುರದ ಕಡೆಯವರು. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಡೀಸೆಲ್ ಇಂಜಿನ್ ಪರೀಕ್ಷಿಸುವ ವಿಭಾಗದಲ್ಲಿದ್ದು ನಿವೃತ್ತರಾದವರು. ಇಸ್ತ್ರಿಯ ಗೆರೆ ಮುರಿಯದ ಬಿಳಿ ಅರ್ಧತೋಳಿನ ಅಂಗಿ, ಕುತ್ತಿಗೆಯ ಮಡಿಕೆಗಳಲ್ಲಿ ಪೌಡರಿನ ಬಿಳಿ ಗೆರೆ, ಪ್ಯಾಂಟಿನ ಜೇಬಿನಲ್ಲಿ ಯಾವಾಗಲೂ ನಾಲ್ಕು ಮಡಿಕೆ ಮಾಡಿದ ಬಿಳಿ ಕರವಸ್ತ್ರ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಕಾಕುಗೆ ಕಣ್ಣು ಮಂಜಾದ ಮೇಲೆ ಅವರ ಕೈಕಾಲಿನ ಉಗುರು ತೆಗೆಯುತ್ತಿದ್ದವರು ಕಾಕಾನೇ. ಪೇಪರು ಹಾಸಿ, ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಒಂದು ಚೂರೂ ಸಿಡಿಯದ ಹಾಗೆ ಕತ್ತರಿಸುತ್ತಿದ್ದರು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ಇರುತ್ತದೋ ಇಲ್ಲವೋ.

ಭಾನುವಾರ ಬೆಳಿಗ್ಗೆ ಕೆಳಗೆ ಪಾರ್ಕಿಂಗಿನಲ್ಲಿ ಅವರ ದರ್ಬಾರು. ಯಾರದಾದರೂ ಡೀಸೆಲ್ ಕಾರು ಹೊಗೆ ಬಿಡುತ್ತಿದ್ದರೆ ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಮೊದಲು ಕಾಕಾನ ಹತ್ತಿರ ಬರಬೇಕು, ಅದು ಕಟ್ಟಡದ ಅಲಿಖಿತ ನಿಯಮ. ಅವರು ಇಂಜಿನ್ ಚಾಲೂ ಮಾಡಿಸಿ, ಸೈಲೆನ್ಸರಿನ ಬಾಯಿಗೆ ಕರವಸ್ತ್ರ ಒಡ್ಡಿ, ಮನಸ್ಸಿನಲ್ಲೇ ಏನೋ ಎಣಿಸಿ, ತೆಗೆದು ಬೆಳಕಿಗೆ ಹಿಡಿಯುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ ಮೂಸುತ್ತಿದ್ದರು. ಕಪ್ಪು ಹೊಗೆಯಾದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚಾಗಿದೆ. ನೀಲಿಯಾದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿಯಾದರೆ ಮಾತ್ರ ಅವರು ಎರಡು ಸಲ ಮೂಸುತ್ತಿದ್ದರು.

“ಕರೀದು, ನೀಲೀದು ಕಣ್ಣಿಗೆ ಕಾಣ್ತಾವ. ಬಿಳಿ ಹೊಗಿ ಮೂಗಿಗಷ್ಟ ಗೊತ್ತಾಗತೈತಿ. ಡೀಸೆಲ್ ಪೂರಾ ಸುಡದ ಹೊಂಟೇತೋ, ನೀರ ಒಳಗ ಹೊಕ್ಕೇತೋ, ಕಣ್ಣಿಗೆ ಎರಡೂ ಒಂದ. ಹೊಗಿ ಸುಳ್ಳ ಹೇಳೂದಿಲ್ಲ ತಂಗಿ, ಮನಶ್ಯಾ ಹೇಳ್ತಾನ.”

ಒಮ್ಮೆ ಮೂರನೆಯ ಮಹಡಿಯ ತೆಲುಗು ಮೇಷ್ಟ್ರ ಕಾರು ಕಪ್ಪು ಹೊಗೆ ಬಿಡುತ್ತಿತ್ತು. ಕಾಕಾ ಮೂಸಿ, “ಕೂದಲಾ ಸುಟ್ಟಂಗ ಐತಿ, ಏರ್ ಫಿಲ್ಟರ್ ತಗೀರಿ” ಎಂದರು. ತೆಗೆದರೆ ಅದರೊಳಗೆ ಇಲಿಯ ಗೂಡು; ರೋಮ, ಹತ್ತಿ, ಯಾರದೋ ಮಗುವಿನ ಕಾಲುಚೀಲದ ಅರ್ಧ. ಅಂದಿನಿಂದ ಅವರಿಗೆ ಹೊಗೆ ಡಾಕ್ಟರ್ ಎಂದು ಹೆಸರು ಬಿತ್ತು. ಪರೀಕ್ಷೆಯಾದ ಒಂದೊಂದು ಕರವಸ್ತ್ರವನ್ನೂ ಒಣಗಿಸಿ, ಚೀಟಿ ಬರೆದು, ಒಂದು ಹಳೆಯ ಫೋಟೊ ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆಯಡಿ ಇಡುತ್ತಿದ್ದರು. “ನಾ ಕಾಶಿಗೆ ಹೋಗಿದ್ದ ಫೋಟೊ ಕಿತ್ತ ಒಗದು ಮಂದಿ ಹೊಗಿ ಹಚ್ಚ್ಯಾರ ನೋಡ ತಂಗಿ” ಎಂದು ಕಾಕು ನಗುತ್ತಲೇ ಹೇಳುತ್ತಿದ್ದರು. ಆಲ್ಬಮ್ ತೆರೆದರೆ ಮಸಿ ಮತ್ತು ಕಮಟು ಎಣ್ಣೆಯ ವಾಸನೆ ಒಟ್ಟಿಗೆ ಬರುತ್ತಿತ್ತು. ಅದರ ಪಕ್ಕದಲ್ಲೇ ಅವರ ಚಹಾದ ಬಶಿ.

ಎಲ್ಲರೂ ಮನೆಯೊಳಗೆ ಬಾಗಿಲು ಹಾಕಿಕೊಂಡಿದ್ದ ಆ ಜ್ವರದ ವರ್ಷ ಕಾಕಾಗೂ ಜ್ವರ ಬಂತು. ಹದಿನೈದು ದಿನ ಮಲಗಿ ಎದ್ದರು. ಭಾನುವಾರದ ದರ್ಬಾರು ಮತ್ತೆ ಶುರುವಾದ ಮೇಲೆ ಒಂದು ಹೊಸ ಅಭ್ಯಾಸ ಕಂಡೆ. ಮೂಸಿದ ಮೇಲೆ ಕರವಸ್ತ್ರದ ಕಪ್ಪು ಭಾಗವನ್ನು ನಾಲಿಗೆಯ ತುದಿಗೆ ಒತ್ತುತ್ತಿದ್ದರು. ಮೊದಲ ಸಲ ಕಂಡಾಗ ನನ್ನ ಕೈಯಲ್ಲಿ ಚಕ್ಕುಲಿಯ ತಟ್ಟೆ ಇತ್ತು. ನಾಲಿಗೆಯ ಮಧ್ಯದಲ್ಲಿ ಒಂದು ಬಿರುಕು, ಅಂಚಿಗೆ ಬಿಳಿ ಪದರ, ತುದಿಯಲ್ಲಿ ಮಸಿಯ ಚುಕ್ಕೆ. ಅದೇ ನಾಲಿಗೆಯಿಂದ ತುಟಿ ಸವರಿಕೊಂಡು, ಅದೇ ಬೆರಳಿನಿಂದ ಚಕ್ಕುಲಿ ಮುರಿದು, “ಅಜವಾನ ಭಾಳ ಚಲೋ ಬಿದ್ದೈತಿ ತಂಗಿ” ಎಂದರು. ನಾನು ಓಮದ ಕಾಳು ಹಾಕಿರಲಿಲ್ಲ, ಎಳ್ಳು ಹಾಕಿದ್ದೆ. ತಟ್ಟೆಯಲ್ಲಿ ಉಳಿದದ್ದನ್ನು ಮೇಲೆ ಬಂದು ಕಸದ ಬುಟ್ಟಿಗೆ ಸುರಿದೆ. ಕೈ ಎರಡು ಸಲ ತೊಳೆದೆ. ಅಜವಾನದ ಮಾತನ್ನು ಮಾತ್ರ ಆಗ ಗಮನಿಸಿಯೂ ಗಮನಿಸಲಿಲ್ಲ.

ಅದಾದ ಮರುವರ್ಷದ ಬೇಸಿಗೆಯಲ್ಲಿ ಕಾಕು ಮಗಳ ಮನೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದರು. ಕಾಕಾ ಒಬ್ಬರೇ. ಒಂದು ಮಧ್ಯಾಹ್ನ ಅವಲಕ್ಕಿಯ ಡಬ್ಬಿ ಹಿಡಿದು ಬಾಗಿಲು ತಟ್ಟಿದೆ. ಬಾಗಿಲು ತೆರೆದದ್ದೇ ತಡ, ಒಂದು ಹೆಜ್ಜೆ ಹಿಂದೆ ಸರಿದೆ. ಏನೋ ಸತ್ತು ಕೊಳೆತ ವಾಸನೆ, ಗಾಳಿಯೇ ದಪ್ಪವಾಗಿತ್ತು. ಕರ್ಚೀಫನ್ನು ಮೂಗಿಗೆ ಒತ್ತಿಕೊಂಡೆ. ಕಾಕಾ ಹೋಗಿ ಚಪ್ಪಲಿಯ ಕಪಾಟಿನ ಪಕ್ಕದ ಕುರ್ಚಿಯಲ್ಲಿ ಕೂತು, ಅರ್ಧ ಬಿಟ್ಟಿದ್ದ ಟೋಸ್ಟನ್ನು ಮತ್ತೆ ಚಹಾದಲ್ಲಿ ಅದ್ದಿದರು. ಕಪಾಟಿನಡಿಯಿಂದ ಒಂದು ಇರುವೆಯ ಸಾಲು ಅವರ ಕಾಲಿನ ಪಕ್ಕದಲ್ಲೇ ಹೋಗುತ್ತಿತ್ತು.

“ಕಾಕಾ, ಏನೋ ವಾಸನೆ ಅಲ್ವಾ?”

ಅವರು ಟೋಸ್ಟ್ ಕೆಳಗಿಟ್ಟರು. ಭಾನುವಾರದಂತೆಯೇ ಕಣ್ಣು ಮುಚ್ಚಿ, ಗದ್ದ ಎತ್ತಿ, ಉದ್ದಕ್ಕೆ ಉಸಿರೆಳೆದರು. “ಹೌದ ತಂಗಿ. ಕೆಳಗಿನ ಮನಿಯವ್ರು ಮೀನ ಹುರ್ಯಾಕತ್ತಾರ.”

ಕೆಳಗಿನ ಮನೆಯವರು ಈರುಳ್ಳಿಯನ್ನೂ ತಿನ್ನದ ಜೈನರು.

ಗುಡಿಸುವ ಹೆಂಗಸನ್ನು ಕರೆಸಿ ಕಪಾಟು ಸರಿಸಿದೆ. ಇಲಿ. ನಾಲ್ಕು ದಿನದ್ದಿರಬೇಕು, ನೆಲಕ್ಕೆ ಅಂಟಿತ್ತು. ಆಕೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಪೇಪರಿನಿಂದ ಕೆರೆದು ತೆಗೆಯುವಾಗ ಕಾಕಾ ನನ್ನನ್ನೇ ನೋಡುತ್ತಿದ್ದರು. ಆಕೆ ಹೋದ ಮೇಲೆ ಮೆಲ್ಲಗೆ, “ಜ್ವರ ಬಂದಾಗಿಂದ ತಂಗಿ. ಮೂಗೂ ಹೋತು, ನಾಲಿಗಿನೂ ಹೋತು. ಯಾರಿಗೂ ಹೇಳಬ್ಯಾಡ. ನಿನ್ನ ಕಾಕುಗೂ ಗೊತ್ತಿಲ್ಲ” ಎಂದರು.

“ಇಲ್ಲ ಕಾಕಾ” ಎಂದೆ. ಹಿರಿಯರ ಮುಜುಗರವನ್ನು ಮುಚ್ಚಿಡುವುದು ನನಗೆ ಒಳ್ಳೆಯ ನಡತೆಯಾಗಿ ಕಂಡಿತ್ತು. ಅಷ್ಟೇ ಅಲ್ಲ, ಆ ಮನೆಯಿಂದ ಬೇಗ ಹೊರಗೆ ಬೀಳಬೇಕಿತ್ತು.

ಇನ್ನು ನಮ್ಮ ಡ್ರೈವರಿನ ಮಾತು. ಯಾದಗಿರಿ ಕಡೆಯವನು, ಆರು ವರ್ಷದಿಂದ ನಮ್ಮಲ್ಲಿದ್ದ. ಅವನ ಹೆಂಡತಿ ನಮ್ಮ ಕಟ್ಟಡದ ಮೂರು ಮನೆಗಳಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವನ ಬಾಯಿಂದ ಯಾವ ಮಾತು ಹೊರಟರೂ ಅದಕ್ಕೆ ಬಾಲದಂತೆ ಒಂದು ‘ಅಕ್ಕಾರ’ ಅಂಟಿಕೊಂಡಿರುತ್ತಿತ್ತು. ಅಂಗಡಿ ಮುಚ್ಚೇತ್ರಿ ಅಕ್ಕಾರ. ಟ್ರಾಫಿಕ್ ಐತ್ರಿ ಅಕ್ಕಾರ. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಹತ್ತಿರ ಬಂದು ಹೇಳಿದ:

“ಗಾಡಿ ನೀರ ಕುಡ್ಯಾಕತ್ತೈತ್ರಿ ಅಕ್ಕಾರ. ಇಂಜಿನ್ ತಂಪ ಮಾಡೋ ನೀರಿನ ಬಾಟ್ಲಿ ದಿನಾ ಇಳ್ಯಾಕತ್ತೈತಿ, ಕೆಳಗ ಒಂದ ಹನಿ ಸೋರಿಲ್ಲ. ಹೊಗಿ ಬೆಳ್ಳಗ ಬರಾಕತ್ತೈತಿ. ಸಾಹೇಬ್ರಿಗೆ ಸ್ವಲ್ಪ ಹೇಳ್ರಿ ಅಕ್ಕಾರ.”

ನೀರು ತುಂಬಲು ಒಂದು ಡಬ್ಬಿ ಕೇಳಿದ. ಖಾಲಿಯಾಗಿದ್ದ ಅಡುಗೆ ಎಣ್ಣೆಯ ಐದು ಲೀಟರಿನ ಡಬ್ಬಿ ಕೊಟ್ಟೆ. ಕೆಳಗೆ ಹೋಗಿ ಕಾರಿನ ಹಿಂದೆಯೂ ನಿಂತೆ. ಹೊಗೆ ದಟ್ಟವಾಗಿ, ಬೆಳ್ಳಗೆ, ಕಾರು ಬಿಸಿಯಾದ ಮೇಲೂ ನಿಲ್ಲದೆ ಬರುತ್ತಿತ್ತು. ಅದರಲ್ಲಿ ಡೀಸೆಲ್ಲಿನ ಘಾಟಿನಡಿ ಇನ್ನೊಂದು ವಾಸನೆ: ಬೆಲ್ಲದ ಪಾಕ ತಳ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಬರುತ್ತದಲ್ಲ, ಅಂಥದ್ದು. ಇಂಜಿನ್ನಿನ ನೀರಿಗೆ ಬೆರೆಸುವ ಹಸಿರು ದ್ರಾವಣ ಸುಟ್ಟರೆ ಹಾಗೆ ಸಿಹಿಯಾಗಿ ಬರುತ್ತದಂತೆ, ಅವನೇ ಹೇಳಿದ. ಸಂಜೆ ನನ್ನ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. “ಭಾನುವಾರ ಕಾಕಾಗೆ ತೋರಿಸೋಣ, ಆಮೇಲೆ ನೋಡೋಣ” ಎಂದರು.

ಆ ಭಾನುವಾರ ಕೆಳಗೆ ನನ್ನ ಯಜಮಾನರು, ಅಪಾರ್ಟ್‌ಮೆಂಟಿನ ಆಗಿನ ಸೆಕ್ರೆಟರಿ, ವಾಚ್‌ಮನ್, ಡ್ರೈವರ್, ನಾನು. ಕಾಕಾ ಕರವಸ್ತ್ರ ಒಡ್ಡಿದರು. ಅದಕ್ಕೆ ಮಸಿ ಅಷ್ಟಾಗಿ ಹತ್ತಲಿಲ್ಲ. ಬೂದು ಬಣ್ಣದ ತೇವ, ಜೋತುಬಿತ್ತು. ಮೂಸಿದರು. ಮತ್ತೆ ಮೂಸಿದರು. ನಾಲಿಗೆಗೆ ಒತ್ತಿ, ಚಪ್ಪರಿಸಿದರು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆಗ ಡ್ರೈವರ್ ತಡೆಯಲಾರದೆ, “ನೀರ ಒಳಗ ಹೊಕ್ಕೈತ್ರಿ ಸಾಹೇಬ್ರ. ಗ್ಯಾಸ್ಕೆಟ್ ತೋರಸ್ರಿ” ಎಂದ.

ಕಾಕಾ ಕಣ್ಣು ತೆರೆದರು. “ನೀ ನನಗ ಕಲಸಾಂವ ಏನಲೇ? ನಾ ಇಂಜಿನ್ ಟೆಸ್ಟ್ ಮಾಡಾಕ ಹತ್ತಿದಾಗ ನಿಮ್ಮಪ್ಪಂದ ಲಗ್ನ ಆಗಿದ್ದಿಲ್ಲ.” ಆಮೇಲೆ ಕರವಸ್ತ್ರವನ್ನು ನಿಧಾನವಾಗಿ ಮಡಚುತ್ತ ನನ್ನ ಯಜಮಾನರಿಗೆ ಹೇಳಿದರು: “ಘಾಸ್ಲೇಟ್ ರೀ. ಸೀಮಿಎಣ್ಣಿ. ಟಾಕಿಯಾಗಿನ ಡೀಸೆಲ್ ಯಾರೋ ತಗದ ಮಾರ್‍ಯಾರ, ಅದರ ಜಾಗಾಕ ಘಾಸ್ಲೇಟ್ ಸುರದಾರ. ವಾಸನಿ ಮೂಗಿಗೆ ಬಡೀತೈತಿ.”

“ರೋಜೂ ಪೊದ್ದುನ್ನೇ ಡಬ್ಬಾ ಪಟ್ಟುಕೊನಿ ವಸ್ತಡು ಸಾರ್” ಎಂದ ವಾಚ್‌ಮನ್. ದಿನಾ ಬೆಳಿಗ್ಗೆ ಡಬ್ಬಿ ಹಿಡಿದುಕೊಂಡೇ ಬರುತ್ತಾನೆ ಎಂದು. ಎಲ್ಲರ ಕಣ್ಣೂ ನನ್ನ ಅಡುಗೆ ಎಣ್ಣೆಯ ಡಬ್ಬಿಯ ಮೇಲೆ ಬಿತ್ತು.

“ಈ ಊರಾಗ ಘಾಸ್ಲೇಟ್ ಎಲ್ಲಿ ಸಿಗತೈತ್ರಿ ಸಾಹೇಬ್ರ? ರೇಷನ್ನಿನಾಗನ ಬಂದ್ ಆಗಿ ಎಷ್ಟ ವರ್ಷ ಆತು?” ಎಂದ ಡ್ರೈವರ್. ಒಳ್ಳೆಯ ಪ್ರಶ್ನೆ.

ನಾನು ಬಾಯಿ ಬಿಟ್ಟೆ. “ಡಬ್ಬಿ ನಾನೇ ಕೊಟ್ಟಿದ್ದು, ನೀರಿಗೆ. ಹೊಗೆ ಸಿಹಿ ಸಿಹಿ ವಾಸನೆ ಬರ್ತಿದೆ, ನೋಡಿ ಬೇಕಾದ್ರೆ.”

ಸೆಕ್ರೆಟರಿ ನಕ್ಕರು. “ಯೇ ಪಾಯಸಂ ನಹೀ ಹೈ, ಮೇಡಂ.”

ಇನ್ನೊಂದು ವಾಕ್ಯ ನನ್ನ ಹತ್ತಿರ ಇತ್ತು. ಇವರಿಗೆ ವಾಸನೆ ತಿಳಿಯುವುದಿಲ್ಲ. ಅಷ್ಟೇ. ಕಾಕಾಗೂ ಗೊತ್ತಿತ್ತು ಅದು ನನ್ನ ಬಾಯಲ್ಲಿದೆ ಎಂದು. ಅವರು ನನ್ನನ್ನೇ ನೋಡುತ್ತಿದ್ದರು, ತುಟಿಯ ಕೊನೆಯಲ್ಲಿ ಬೂದು ತೇವ. ಡ್ರೈವರೂ ನೋಡಿದ. “ನೀವರ ಹೇಳ್ರಿ ಅಕ್ಕಾರ” ಎಂದ. ನಾನು ನನ್ನ ಕಾಲ್ಬೆರಳುಗಳನ್ನು ನೋಡಿಕೊಂಡೆ. ಎಡಗಾಲಿನ ಉಗುರುಬಣ್ಣ ಒಂದು ಕಡೆ ಎದ್ದಿತ್ತು.

ಸಂಜೆಯೊಳಗೆ ಗೇಟಿನ ಕೋಣೆಯ ಬೋರ್ಡಿನಲ್ಲಿ ಅವನ ಫೋಟೊ ಬಂತು, ಕೆಳಗೆ ತೆಲುಗಿನಲ್ಲಿ ಹೆಸರು, ಒಳಗೆ ಬಿಡಬಾರದು, ಕಾರಣ ಡೀಸೆಲ್ ಕಳ್ಳತನ. ಇಲ್ಲಿ ಒಂದು ಪದ್ಧತಿಯಿದೆ: ಒಂದು ಕಟ್ಟಡದ ಬೋರ್ಡಿಗೆ ಹತ್ತಿದ ಹೆಸರನ್ನು ಅಕ್ಕಪಕ್ಕದ ಕಟ್ಟಡಗಳಿಗೂ ಕಳಿಸುತ್ತಾರೆ. ದೂರು ಕೊಟ್ಟವರೇ ಬರೆದುಕೊಟ್ಟರೆ ಮಾತ್ರ ಹೆಸರು ತೆಗೆಯುತ್ತಾರೆ. ದೂರು ಬರೆದವರು ಕಾಕಾ. ಅವನ ಹೆಂಡತಿಯ ಮೂರು ಮನೆಗಳೂ ಎರಡೇ ದಿನದಲ್ಲಿ ನಾಳೆಯಿಂದ ಬೇಡ ಎಂದವು. ವಾರದೊಳಗೆ ಅವರು ಉಪ್ಪಲ್ ಬಿಟ್ಟರು.

ಒಂಬತ್ತನೆಯ ದಿನ ನಮ್ಮ ಕಾರು ಫ್ಲೈಓವರಿನ ಮೇಲೆ ನಿಂತಿತು. ಎಳೆದುಕೊಂಡು ಬಾಲಾನಗರದ ಒಂದು ಗ್ಯಾರೇಜಿಗೆ ಹೋದರು. ಇಂಜಿನ್ನಿನ ತಲೆಗೂ ಮೈಗೂ ನಡುವಿನ ಗ್ಯಾಸ್ಕೆಟ್ ಸುಟ್ಟು, ನೀರು ಒಳಗೆ ಇಳಿದು ಹೊಗೆಯಾಗಿ ಹೋಗುತ್ತಿತ್ತು. ಟಾಕಿಯಲ್ಲಿ ಇದ್ದದ್ದು ಶುದ್ಧ ಡೀಸೆಲ್. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ನನ್ನ ಯಜಮಾನರನ್ನು ಕೇಳಿದನಂತೆ, ಇಷ್ಟು ದಿನ ದಿನಾ ನೀರು ಹಾಕುತ್ತಿದ್ದವನು ಯಾರು ಎಂದು. “ಉಸೀ ನೇ ಇಂಜಿನ್ ಬಚಾಯಾ, ಸಾಬ್.” ಇಂಜಿನ್ ಉಳಿಸಿದವನೇ ಅವನು ಎಂದು.

ಕಾಕಾಗೆ ವಿಷಯ ಹೇಳಿದಾಗ ನಾನೂ ಇದ್ದೆ. ಕಾಕು ಕೊಟ್ಟ ಮಂಡಕ್ಕಿ ಸೂಸಲಾ ತಿನ್ನುತ್ತಿದ್ದರು. ತುತ್ತು ನುಂಗಿ, “ಘಾಸ್ಲೇಟ್‌ನಿಂದನ ಗ್ಯಾಸ್ಕೆಟ್ ಸುಟ್ಟಿರತೈತಿ” ಎಂದು, ಹಲ್ಲಿನ ಸಂದಿಯ ಕೊತ್ತಂಬರಿ ಎಲೆಯನ್ನು ಉಗುರಿನಿಂದ ತೆಗೆದು, ನೋಡಿ, ಮತ್ತೆ ಬಾಯಿಗೆ ಹಾಕಿಕೊಂಡರು. ಹೆಸರು ತೆಗೆಸಿಕೊಡಿ ಎಂದು ನನ್ನ ಯಜಮಾನರು ಕೇಳಿದ್ದಕ್ಕೆ “ನೋಡೂಣು” ಎಂದರು. ಆಮೇಲೂ ಎರಡು ಸಲ ಕೇಳಿದರು, ಎರಡು ಸಲವೂ ನೋಡೂಣು. ನಮ್ಮವರು ಡ್ರೈವರಿಗೆ ಒಮ್ಮೆ ಫೋನ್ ಮಾಡಿದರು, ಎತ್ತಲಿಲ್ಲ. “ಬೇರೆ ಕಡೆ ಸೇರಿಕೊಂಡಿರ್ತಾನೆ, ಬಿಡು” ಎಂದರು. ಬಿಟ್ಟೆ. ಮೂರು ವರ್ಷ ಗೇಟು ದಾಟುವಾಗಲೆಲ್ಲ ಆ ಬೋರ್ಡಿನ ಕಡೆ ಮುಖ ತಿರುಗಿಸದೆ ನಡೆಯುವುದನ್ನು ರೂಢಿ ಮಾಡಿಕೊಂಡೆ. ಮೂರು ವರ್ಷವೂ ಕಾಕಾ ಎದುರು ಸಿಕ್ಕರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಿದ್ದೆ. ಅದು ಆ ನಾಲಿಗೆಯ ಹೇಸಿಗೆ ಎಂದೇ ಅಂದುಕೊಂಡಿದ್ದೆ. ಅವರ ದರ್ಬಾರು ಮಾತ್ರ ಮೊದಲಿನಂತೆಯೇ ನಡೆಯುತ್ತಿತ್ತು.

ಕಾಕಾ ತೀರಿಕೊಂಡ ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಕಾಕು ಆಲ್ಬಮ್ ತಂದು ನನ್ನ ಮಡಿಲಲ್ಲಿಟ್ಟರು. “ಇವನ್ನ ಎಲ್ಲಾ ಕಿತ್ತು ನನ್ನ ಕಾಶಿ ಫೋಟೊ ಹಚ್ಚಿಕೊಡ ತಂಗಿ. ನನಗ ಕಣ್ಣ ಕಾಣೂದಿಲ್ಲ.” ನೆಲದ ಮೇಲೆ ಕೂತು ಒಂದೊಂದೇ ಹಾಳೆಯ ಪ್ಲಾಸ್ಟಿಕ್ ಎಬ್ಬಿಸಿದೆ. ಕರವಸ್ತ್ರಗಳು ಹಪ್ಪಳದಂತೆ ಬಿರುಸಾಗಿದ್ದವು. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಪ್ರತಿಯೊಂದರ ಜೊತೆ ಅವರ ಮುದ್ದಾದ ಅಕ್ಷರದ ಚೀಟಿ: ಕಾರಿನ ನಂಬರು, ಬಣ್ಣ, ವಾಸನೆ, ಕಾರಣ. ಜ್ವರದ ವರ್ಷದ ನಂತರದ ಚೀಟಿಗಳಲ್ಲೆಲ್ಲ ವಾಸನೆಯ ಮುಂದೆ ಒಂದೇ ಮಾತು. ತಿಳಿಯಲಿಲ್ಲ. ತಿಳಿಯಲಿಲ್ಲ. ತಿಳಿಯಲಿಲ್ಲ. ಕೆಳಗೆ ನಿಂತು ಅಷ್ಟು ಗಟ್ಟಿಯಾಗಿ ತೀರ್ಪು ಕೊಟ್ಟು, ಮೇಲೆ ಬಂದು ಇಷ್ಟು ಪ್ರಾಮಾಣಿಕವಾಗಿ ಬರೆದಿಡುತ್ತಿದ್ದರು.

ನಮ್ಮ ಕಾರಿನ ಚೀಟಿಯೂ ಸಿಕ್ಕಿತು. “ಬಿಳಿ. ತೇವ. ವಾಸನೆ ತಿಳಿಯಲಿಲ್ಲ. ನೀರು ಅಂತಾನೆ ಡ್ರೈವರ್. ಇರಬಹುದು.”

ಇರಬಹುದು. ಎದ್ದು ಹೋಗಿ ಅವರ ಬಚ್ಚಲಿನಲ್ಲಿ ಹದಿಮೂರನೆಯ ದಿನದ ಹೋಳಿಗೆಯನ್ನೆಲ್ಲ ಕಕ್ಕಿದೆ. ಕಾಕು ಬೆನ್ನು ಸವರುತ್ತ, “ಬಿಸಲಾಗ ಎಣ್ಣಿದು ಉಂಡೀಯಲ್ಲ, ಅದಕ್ಕ” ಎಂದರು.

ಚೀಟಿಯನ್ನು ಈಗಿನ ಸೆಕ್ರೆಟರಿಗೆ ಒಯ್ದುಕೊಟ್ಟೆ. ತೆಲುಗಿನವರು, ಅಕ್ಷರಗಳು ಅಕ್ಕತಂಗಿಯರಂತಲ್ಲವೇ, ಬೆರಳಿಟ್ಟು ಕೂಡಿಸಿ ಓದಿದರು. “ನೀ-ರು. ನೀಳ್ಳೇ ಕದಾ?” ನೀರೇ ಅಲ್ಲವೇ ಎಂದು ತಲೆಯೆತ್ತಿ, “ಅಬ್ ಕ್ಯಾ ಫಾಯದಾ ಮೇಡಂ? ವೋ ಭೀ ಗಯಾ, ಯೇ ಭೀ ಗಯೇ” ಎಂದರು, ಈಗೇನು ಪ್ರಯೋಜನ, ಅವನೂ ಹೋದ, ಇವರೂ ಹೋದರು ಎಂದು. ಆದರೂ ಹೆಸರು ತೆಗೆಯಬೇಕಾದರೆ ಬದುಕಿರುವವರು ಯಾರಾದರೂ ಬರೆದುಕೊಡಬೇಕು ಎಂದರು. ಅಲ್ಲೇ ಕೂತು ಬರೆದೆ. ಆ ಭಾನುವಾರ ಕಾಕಾಗೆ ವಾಸನೆ ತಿಳಿಯುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಹೇಳಲಿಲ್ಲ. ಕೆಳಗೆ ಸಹಿ. ವಾಚ್‌ಮನ್ ನನ್ನೆದುರಿಗೇ ಫೋಟೊ ಕಿತ್ತ. ನಾಲ್ಕು ಮೂಲೆಯ ಅಂಟು ಬೋರ್ಡಿನಲ್ಲೇ ಉಳಿಯಿತು. ಅಕ್ಕಪಕ್ಕದ ಕಟ್ಟಡಗಳಿಗೂ ಕಳಿಸಿದರು. ಹೋದವರ ಮಾನ ತೆಗೆದೆ ಎಂದು ನನ್ನ ಯಜಮಾನರು ಎರಡು ದಿನ ಮಾತಾಡಲಿಲ್ಲ.

ಡ್ರೈವರಿನ ಹೊಸ ನಂಬರು ಅವನ ಹೆಂಡತಿಯ ಗೆಳತಿಯೊಬ್ಬಳಿಂದ ಸಿಕ್ಕಿತು. ಪಟಾನ್‌ಚೆರುವಿನ ಯಾವುದೋ ಕಾರ್ಖಾನೆಯ ಕೆಲಸಗಾರರ ಬಸ್ಸು ಓಡಿಸುತ್ತಾನಂತೆ. ಫೋನ್ ಎತ್ತಿದ. ಹಿಂದೆ ಇಂಜಿನ್ ಓಡುತ್ತಿತ್ತು.

“ಆರಾಮ ಅದೀರಿ ಅಕ್ಕಾರ? ಎಷ್ಟ ವರ್ಷ ಆತ್ರಿ ಅಕ್ಕಾರ ನಿಮ್ಮ ದನಿ ಕೇಳಿ!”

ಹೆಸರು ತೆಗೆಸಿದೆ ಎಂದೆ. “ಚಲೋ ಮಾಡಿದ್ರಿ ಅಕ್ಕಾರ. ನನ್ನ ಹೆಂಡ್ತಿ ಅತ್ತ ಬಿಡತಾಳ ಕೇಳಿದ್ರ. ಹೆಂಗ ತಗದ್ರು? ಆ ಸಾಹೇಬ್ರು ಒಪ್ಪಿದ್ರೇನ್ರಿ?”

ಕಾಕಾ ತೀರಿಕೊಂಡರು ಎಂದೆ. ಚೀಟಿಯ ವಿಷಯ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕಾಕಾಗೆ ಜ್ವರದಲ್ಲಿ ಮೂಗು ಹೋಗಿತ್ತು ಎನ್ನುವುದನ್ನೂ ಹೇಳಿದೆ.

“ನಿಮಗ ಅದು ಚೀಟಿ ನೋಡಿದ ಮ್ಯಾಲ ಗೊತ್ತಾತೇನ್ರಿ ಅಕ್ಕಾರ?”

“ಇಲ್ಲಪ್ಪ. ಅದಕ್ಕೂ ಮೊದಲೇ ಗೊತ್ತಿತ್ತು.”

“ಅವತ್ತ? ಕೆಳಗ ನಿಂತಾಗ?”

“ಹೌದು.”

ಅತ್ತ ಯಾರೋ ಬಸ್ಸಿನ ಮೈ ತಟ್ಟಿದರು.

“ಶಿಫ್ಟಿಗೆ ಹೊತ್ತಾತು,” ಎಂದ. “ಇಡತೀನ್ರಿ, ಮೇಡಂ.”